ಚಾರ್ಜ್ ಕೊಡು

೯ ಮಾರ್ಚ್ ೧೯೮೨, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಸಬ್‌ಸ್ಟೇಷನ್ನಿಗೆ ಬಂದು ದುರ್ಗಪ್ಪನಿಂದ ಡ್ಯೂಟಿ ಒಪ್ಪಿಸಿಕೊಂಡೆ. ನಾಲ್ಕೂ ಲೈನು ಸರಿ. ಲಾಗ್ ಬುಕ್ಕಿನಲ್ಲಿ ಸಹಿ. ದುರ್ಗಪ್ಪನ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ರಾತ್ರಿಪಾಳಿಯಲ್ಲಿ ಮಲಗಿದೆಯಾ ಎಂದು ಕೇಳಲಿಲ್ಲ.

ಹತ್ತಕ್ಕೆ ಲೈನ್‌ಮನ್ ಶಾಬುದ್ದೀನ ಬಂದ. ಕಮತಗಿ ರಸ್ತೆಯ ಮೂರನೇ ಲೈನಿನಲ್ಲಿ ಕಂಬದ ಮೇಲಿನ ಪಿಂಗಾಣಿ ಒಡೆದಿದೆಯಂತೆ. ರಿಜಿಸ್ಟರಿನಲ್ಲಿ ಸಹಿ ಮಾಡಿ ಲೈನ್ ಬಂದ್ ಮಾಡಿಸಿಕೊಂಡು ಹೋದ. ಆ ಲೈನಿನ ಬ್ರೇಕರ್ ಹ್ಯಾಂಡಲ್ಲಿಗೆ ಕೆಂಪು ಹಲಗೆ ತೂಗುಹಾಕಿದೆ — ‘ಕೆಲಸ ನಡೆದಿದೆ, ಮುಟ್ಟಬೇಡಿ’. ಹನ್ನೆರಡೂವರೆಗೆ ವಾಪಸ್ ಬಂದು, ಕೆಲಸ ಮುಗಿಯಿತೆಂದು ಸಹಿ ಮಾಡಿದ. ಆಮೇಲೆಯೇ ಹಲಗೆ ತೆಗೆದು ಲೈನಿಗೆ ಕರೆಂಟ್ ಬಿಟ್ಟೆ, ಚಾರ್ಜ್ ಕೊಟ್ಟೆ. ಇಬ್ಬರೂ ಕೂತು ಉಂಡೆವು. ಅವನ ಹೆಂಡತಿ ರೋಷನಬಿಯ ಕೈಯ ಪುಂಡಿಪಲ್ಯ, ನಮ್ಮ ಮನೆಯ ಸಜ್ಜೆ ರೊಟ್ಟಿ.

ಮೂರಕ್ಕೆ ಹುನಗುಂದದಿಂದ ಹೊಸ ಸೆಕ್ಷನ್ ಆಫೀಸರ್ ಸಾಹೇಬರು ಬಂದರು. ಮೈಸೂರು ಕಡೆಯವರು. ಈ ಕಡೆ ಬಂದು ಹನ್ನೆರಡು ದಿನ. “ಈಗ ಇಲ್ಲಿ ಚಾರ್ಜ್ ಯಾರದು?” ಎಂದರು. ತಿಳಿಯಲಿಲ್ಲ. “ನಾಕೂ ಲೈನು ಚಾರ್ಜ್ ಅದಾವ್ರಿ” ಎಂದೆ.

“ಅದಲ್ಲಪ್ಪ. ಡ್ಯೂಟಿ ಯಾರದು ಅಂತ ಕೇಳಿದ್ದು. ಏಳು ವರ್ಷ ಸರ್ವಿಸ್ ಅಂತೀಯ, ಇದೂ ಗೊತ್ತಿಲ್ವ?”

ನಾವು ಅದಕ್ಕೆ ಡ್ಯೂಟಿ ಒಪ್ಪಿಸೋದು ಅನ್ನುತ್ತೇವೆ. ಹೇಳಲಿಲ್ಲ. ಏಳು ವರ್ಷವಾದರೂ ಟೆಂಪರರಿ. ಖಾಯಂ ಮಾಡುವ ಪಟ್ಟಿಗೆ ಇವರದೇ ಸಹಿ ಬೇಕು.

೧೨ ಮಾರ್ಚ್, ಶುಕ್ರವಾರ

ಬೈಸಿಕೊಂಡೆ. ಇಳಕಲ್ ಕಡೆಯ ಲೈನು ಬೆಳಿಗ್ಗೆ ಬಂದ್ ಆಗಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯವರು ಸಾಹೇಬರಿಗೆ ಫೋನ್ ಮಾಡಿದ್ದಾರೆ. ಸಾಹೇಬರು ನನಗೆ. ಲೈನ್‌ಮನ್ ಸಹಿ ಮಾಡುವುದು ಬಾಕಿ ಇದೆ ಎಂದೆ. “ಕೆಲಸ ಮುಗಿದಿದೆ ಅಂತ ನಾನು ಹೇಳ್ತಾ ಇದೀನಲ್ಲ, ಸಾಲದಾ? ನಾನು ಹೇಳಿದ ತಕ್ಷಣ ಆಗಬೇಕು. ಎದುರು ಪ್ರಶ್ನೆ ಬೇಡ.”

ಕೊಟ್ಟೆ. ಏನೂ ಆಗಲಿಲ್ಲ. ಕೆಲಸ ಮುಗಿದೇ ಇತ್ತು.

ಲೈನ್‌ಮನ್ ಬಂದು ಸಹಿ ಮಾಡುವವರೆಗೆ ಮಾತ್ರ ಹಲಗೆ ಕೆಳಗಿಡಲಿಲ್ಲ.

೧೭ ಮಾರ್ಚ್, ಬುಧವಾರ. ಸಂಜೆ ೬

ಬರೆಯಲು ಆಗುತ್ತಿಲ್ಲ. ಆದರೂ ಬರೆಯಬೇಕು. ಯಾರಾದರೂ ಕೇಳಿದರೆ ನೆನಪು ತಪ್ಪಬಾರದು.

೧೧.೦೫ — ಶಾಬು ಸಹಿ ಮಾಡಿ ಮೂರನೇ ಲೈನು ಬಂದ್ ಮಾಡಿಸಿದ. ಕಮತಗಿ ರಸ್ತೆ, ಹಳ್ಳದ ಹತ್ತಿರದ ಕಂಬ. ಕೆಳಗೆ ನೋಡಿಕೊಳ್ಳಲು ಮುರ್ತುಜಸಾಬ.

೧.೪೦ — ಫೋನ್. ಸಾಹೇಬರ ದನಿ. ಬರೀ ಗರಗರ. ಬೆಳಿಗ್ಗೆ ಅವರೇ ಹೇಳಿದ್ದರು, ಕಮತಗಿ ಕಡೆ ಜೀಪಿನಲ್ಲಿ ಹೋಗಿ ಕೆಲಸ ನೋಡುತ್ತೇನೆಂದು. ಅಲ್ಲಿಂದಲೇ ಮಾಡುತ್ತಿದ್ದಾರೆ ಅಂದುಕೊಂಡೆ. ನಡುವೆ ಎರಡು ಸಲ ಸ್ಪಷ್ಟವಾಗಿ ಕೇಳಿಸಿತು. “ಚಾರ್ಜ್ ಕೊಡು... ಬೇಗ... ಚಾರ್ಜ್ ಕೊಡು.” “ಶಾಬುಂದು ಕೆಲಸ ಮುಗದೈತ್ರಿ?” ಎಂದು ಕೂಗಿದೆ. ಏನೋ ಅಂದರು. ಲೈನ್ ಕಟ್ಟಾಯಿತು.

ಹಲಗೆ ತೆಗೆದೆ. ಕೊಟ್ಟೆ. ಒಂದು ಕ್ಷಣ ಕರೆಂಟ್ ಹರಿಯಿತು, ಬ್ರೇಕರ್ ತಾನೇ ಬಿದ್ದು ಟ್ರಿಪ್ ಆಯಿತು.

ಅರ್ಧ ಗಂಟೆಯಾದ ಮೇಲೆ ಕಮತಗಿಯಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. ಶಾಬು ಕಂಬದ ಮೇಲೆಯೇ ಇದ್ದನಂತೆ. ಬೆಲ್ಟಿಗೆ ಜೋತುಬಿದ್ದಿದ್ದನಂತೆ. ಲಾರಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಒಯ್ದಿದ್ದಾರೆ. ಜೀವ ಇತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ.

ಲಾಗ್ ಬುಕ್ಕಿನಲ್ಲಿ ಬರೆದೆ: ‘೧.೪೦. ಎಸ್.ಓ. ಫೋನ್. ಚಾರ್ಜ್ ಕೊಡಲು ತಿಳಿಸಿದರು. ಚಾರ್ಜ್ ಕೊಡಲಾಯಿತು. ಟ್ರಿಪ್ — ೧.’

ಬೀರಪ್ಪ ದೇವರೇ.

೧೮ ಮಾರ್ಚ್

ಬದುಕಿದ್ದಾನೆ. ದುರ್ಗಪ್ಪ ಹೋಗಿ ನೋಡಿ ಬಂದ. ಬಲಗೈ ಕಪ್ಪಾಗಿದೆಯಂತೆ. ತೆಗೆಯಬೇಕಾದೀತು ಎಂದರಂತೆ. ರೋಷನಬಿ ಬಾಗಿಲಲ್ಲಿ ಕೂತಿದ್ದಾಳೆ, ನೀರೂ ಮುಟ್ಟುತ್ತಿಲ್ಲ.

ಸಾಹೇಬರು ಬೆಳಿಗ್ಗೆ ಬಂದಿದ್ದರು. ಮುಖ ಬಿಳಚಿಕೊಂಡಿತ್ತು. “ನಾನು ಹೇಳಿದ್ದೇನು, ನೀನು ಮಾಡಿದ್ದೇನು? ದುರ್ಗಪ್ಪನಿಗೆ ಚಾರ್ಜ್ ಕೊಟ್ಟು ಹುನಗುಂದಕ್ಕೆ ಬಾ ಅಂದೆ. ಖಾಯಂ ಪಟ್ಟಿಗೆ ನಿನ್ನ ಸಹಿ ಬೇಕಿತ್ತು. ಅದಕ್ಕೆ ಫೋನ್ ಮಾಡಿದ್ದು.”

ನನ್ನನ್ನು ಖಾಯಂ ಮಾಡಲು ಕರೆದಿದ್ದರು.

ಸಾಹೇಬರು ಲಾಗ್ ಬುಕ್ಕನ್ನು ಬಹಳ ಹೊತ್ತು ನೋಡಿದರು. ಮುಚ್ಚಿಟ್ಟು ಹೋದರು.

೧೯ ಮಾರ್ಚ್, ಶುಕ್ರವಾರ

ಹದಿನೇಳನೇ ತಾರೀಖಿನ ಪುಟ ಮತ್ತೆ ಓದಿದೆ. ಇಲ್ಲಿಯೂ ಸುಳ್ಳು ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ.

ಚಾರ್ಜ್ ಕೊಟ್ಟದ್ದು ಒಂದು ಸಲ ಅಲ್ಲ. ಎರಡು ಸಲ.

ಟ್ರಿಪ್ ಆದರೆ ಸ್ವಲ್ಪ ಬಿಟ್ಟು ಮತ್ತೊಮ್ಮೆ ಕೊಟ್ಟು ನೋಡುವುದು ರೂಢಿ. ಹಕ್ಕಿಯೋ ಟೊಂಗೆಯೋ ತಾಗಿದ್ದರೆ ಅಷ್ಟರಲ್ಲಿ ಸುಟ್ಟು ಬಿದ್ದಿರುತ್ತದೆ, ಲೈನು ಮತ್ತೆ ಟ್ರಿಪ್ ಆಗುವುದಿಲ್ಲ. ಏಳು ವರ್ಷ ಹಾಗೇ ಮಾಡಿದ್ದೇನೆ. ಅವತ್ತು ಒಂದು ನಿಮಿಷವೂ ಬಿಡಲಿಲ್ಲ. ಎಡಗೈಯಲ್ಲಿ ಆ ಕೆಂಪು ಹಲಗೆ ಹಿಡಿದುಕೊಂಡೇ ಇದ್ದೆ. ಬಲಗೈಯಿಂದ ಮತ್ತೆ ಕೊಟ್ಟೆ. ಮತ್ತೆ ಟ್ರಿಪ್.

ಮೊದಲನೆಯದಕ್ಕೆ ಸಾಹೇಬರ ಮಾತಿದೆ. ಎರಡನೆಯದಕ್ಕೆ ಯಾರ ಮಾತೂ ಇಲ್ಲ.

ಈ ಪುಸ್ತಕ ಸುಟ್ಟುಹಾಕಬೇಕು.

೨೦ ಮಾರ್ಚ್

ಸುಡಲಿಲ್ಲ. ಜೋಳದ ಚೀಲದ ಹಿಂದೆ ಇಟ್ಟಿದ್ದೇನೆ.

೨೨ ಮಾರ್ಚ್, ಸೋಮವಾರ

ಬಾಗಲಕೋಟೆಯಿಂದ ಇನ್‌ಸ್ಪೆಕ್ಷನ್ನಿಗೆ ಒಬ್ಬರು ಬಂದಿದ್ದರು. ಕನ್ನಡಕದ ಸಾಹೇಬರು. ಬಂದವರೇ ಮೂರನೇ ಲೈನಿನ ಬ್ರೇಕರ್ ಮುಂದೆ ಬಗ್ಗಿ ಕೌಂಟರ್ ನೋಡಿದರು. ಬ್ರೇಕರ್ ಒಂದು ಸಲ ಬಿದ್ದರೆ ಅದರಲ್ಲಿ ಒಂದು ಅಂಕಿ ಏರುತ್ತದೆ. ನನಗೆ ಅದು ನೆನಪೇ ಆಗಿರಲಿಲ್ಲ. ಟೇಬಲ್ಲಿನ ಹಿಂದೆ ಹೋಗಿ ನಿಂತೆ.

“ಇದರ ಹಿಂದಿನ ರೀಡಿಂಗ್ ಎಲ್ಲಿ?”

ರಿಜಿಸ್ಟರ್ ಕೊಟ್ಟೆ. ಜನವರಿಯಿಂದ ಯಾರೂ ಬರೆದಿಲ್ಲ. ದುರ್ಗಪ್ಪನೂ ಇಲ್ಲ, ನಾನೂ ಇಲ್ಲ. ಅವರು ನಾಲಗೆ ಲೊಚಗುಟ್ಟಿ ಮುಚ್ಚಿಟ್ಟರು.

ಲೈನನ್ನು ಭೂಮಿಗೆ ಕಟ್ಟುವ ಅರ್ಥಿಂಗ್ ಸರಪಳಿಯನ್ನು ಲೈನ್‌ಮನ್ನಿಗೆ ಯಾಕೆ ಕೊಟ್ಟಿಲ್ಲ ಎಂದು ಕೇಳಿದರು. ಆರು ತಿಂಗಳಿಂದ ಇಲ್ಲ, ಬರೆದುಕೊಟ್ಟಿದ್ದೇವೆ ಎಂದೆ. ಅದನ್ನು ಬರೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಹಿಂದಿನ ಅಂಕಿ ಇಲ್ಲದೆ ಎಷ್ಟು ಸಲ ಬಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಎಂದಿಗೂ.

ಸಮಾಧಾನ ಆಗಬೇಕಿತ್ತು.

ಇವತ್ತು ಶಾಬುವಿನ ಕೈ ತೆಗೆದರು. ಮೊಣಕೈಗಿಂತ ಮೇಲೆ.

೨೬ ಮಾರ್ಚ್

ಯೂನಿಯನ್ನಿನ ಕಾಶಪ್ಪ ಮನೆಗೇ ಬಂದ. ನನ್ನ ಹೆಂಡತಿ ಹನಮವ್ವ ಚಹಾ ಕೊಟ್ಟು ಒಳಗೆ ಹೋಗುವವರೆಗೆ ಸುಮ್ಮನಿದ್ದ.

“ಗುರಪ್ಪ, ನಿನ್ನ ಜೀವ ಒಂದ ಶಬ್ದದ ಮ್ಯಾಲ ಐತಿ. ನಮ್ಮ ಕಡೆ ಚಾರ್ಜ್ ಕೊಡು ಅಂದ್ರ ಕರೆಂಟ್ ಬಿಡು ಅಂತ. ಹತ್ತು ಮಂದಿ ಲೈನ್‌ಮನ್‌ನ ಕರಕೊಂಡು ಬಂದು ಹೇಳಸ್ತೇನಿ. ಸಾಹೇಬಗ ನಮ್ಮ ಮಾತು ಗೊತ್ತಿಲ್ಲ ಅಂದ್ರ ತಪ್ಪು ಸಾಹೇಬಂದು. ನೀ ಆ ಶಬ್ದ ಬಿಟ್ಟು ಅತ್ತಾಗ ಇತ್ತಾಗ ಒಂದ ಮಾತು ಆಡಬ್ಯಾಡ.”

ಹೂಂ ಎಂದೆ.

ಸಂಜೆ ಸಾಲಿ ಮಾಸ್ತರರ ಮನೆಗೆ ಹೋಗಿ ಇಂಗ್ಲಿಷ್ ಡಿಕ್ಷನರಿ ಕೇಳಿ ತಂದೆ. ಆ ಒಂದು ಶಬ್ದಕ್ಕೆ ಅರ್ಧ ಪುಟಕ್ಕಿಂತ ಹೆಚ್ಚು. ಬೆರಳಿಟ್ಟು ಓದಿದೆ. ಜವಾಬ್ದಾರಿ ವಹಿಸುವುದು. ವಿದ್ಯುತ್ ತುಂಬುವುದು. ಬಂದೂಕಿಗೆ ಮದ್ದು ಹಾಕುವುದು. ಬೆಲೆ ಹೇಳುವುದು. ಏರಿ ಹೋಗಿ ಹೊಡೆಯುವುದು. ಆರೋಪ ಹೊರಿಸುವುದು. ಯಾರದೋ ಕೈಗೆ ಒಪ್ಪಿಸಿದ, ಕಾಯಬೇಕಾದ ಮನುಷ್ಯ — ಅವನಿಗೂ ಅದೇ ಹೆಸರಂತೆ.

ಕೊನೆಯದನ್ನು ಮಾಸ್ತರರು ಎರಡು ಸಲ ಬಿಡಿಸಿ ಹೇಳಿದರು. ಪುಸ್ತಕ ಮುಚ್ಚಿ ಕೊಟ್ಟು ಬಂದೆ.

೨ ಏಪ್ರಿಲ್, ಶುಕ್ರವಾರ

ಇಷ್ಟು ದಿನ ತಪ್ಪಿಸಿದೆ. ಇವತ್ತು ಹನಮವ್ವ ಬಿಡಲಿಲ್ಲ. “ಮಂದಿ ಏನಂದಾರು? ಒಂದ ತಾಟಿನ್ಯಾಗ ಉಂಡಾವ್ರು ನೀವು.” ಅವಳನ್ನೂ ಕರೆದುಕೊಂಡು ದವಾಖಾನೆಗೆ ಹೋದೆ.

ಶಾಬು ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಅರ್ಧ ಆಗಿದ್ದಾನೆ. ನನ್ನನ್ನು ನೋಡಿ ನಕ್ಕ. ಆ ನಗು ನೋಡಿ ಓಡಿಹೋಗಬೇಕೆನಿಸಿತು. ರೋಷನಬಿ ಹನಮವ್ವನನ್ನು ಹಿಡಿದುಕೊಂಡು ಹೊರಗೆ ಹೋದಳು. ಇಬ್ಬರೇ ಉಳಿದೆವು.

“ಗುರಪ್ಪಣ್ಣ, ಸಾಹೇಬರು ಹೆಂಗ ಹೇಳ್ಯಾರ ಹಂಗ ನೀ ಮಾಡಿದಿ. ಕಾಶಪ್ಪ ಎಲ್ಲಾ ಹೇಳ್ಯಾನ. ನಿನ್ನ ಮ್ಯಾಲ ನಂದೇನಿಲ್ಲ.”

ತಂದಿದ್ದ ಹಣ್ಣಿನ ಚೀಲ ಮಂಚದ ಕೆಳಗಿಟ್ಟೆ.

“ಒಂದು ಕೇಳ್ತೇನಿ. ಖರೆ ಹೇಳು. ಅದು ಎರಡ ಸಲ ಬಂತಲ್ಲ?”

“ಏನು?”

“ಒಮ್ಮಿ ಬಂತು, ಒಗದಂಗಾತು. ಬೆಲ್ಟಿಗೆ ಜೋತು ಬಿದ್ದೆ. ಮುರ್ತುಜಸಾಬ ಲಾರಿ ನಿಲ್ಲಸಾಕ ರಸ್ತೇಕ ಓಡಿದ. ನನಗ ಎಚ್ಚರ ಇತ್ತು. ಕೈ ತಕ್ಕೋಬೇಕು, ತಕ್ಕೋಬೇಕು ಅಂತ ಅನ್ಕೊಳ್ಳಾಕ ಹತ್ತಿದ್ದೆ. ಅಷ್ಟರಾಗ ಮತ್ತ ಬಂತು. ಡಾಕ್ಟರು ಅಂತಾರ, ಹಂಗ ಅನಸ್ತೈತಿ, ತಲಿಗೆ ಪೆಟ್ಟಾಗೈತಿ ಅಂತ. ಯಾರೂ ನಂಬವಲ್ರು. ನೀ ಇದ್ದೆಲ್ಲ ಅಲ್ಲೆ. ಎಷ್ಟ ಸಲ ಬಂತು?”

“ಒಂದ ಸಲ,” ಎಂದೆ.

ಅವನು ಕಿಟಕಿಯ ಕಡೆ ತಿರುಗಿದ. “ಹಂಗಾದ್ರ ನನ್ನ ತಲೀನ ಕೆಟ್ಟಿರಬೇಕು,” ಎಂದ.

೯ ಏಪ್ರಿಲ್

ಉಣ್ಣಲು ಆಗುತ್ತಿಲ್ಲ. ಹನಮವ್ವ ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನ ತಂದು ಹಣೆಗೆ ಹಚ್ಚಲು ಬಂದಳು. ಹಿಂದೆ ಸರಿದೆ. ಅವಳ ಕೈ ಹಾಗೇ ನಿಂತಿತು.

“ಯಾಕ್ರಿ?”

ಹಣೆ ಬೆವರಿದೆ ಎಂದೆ. ನಂಬಲಿಲ್ಲ. ಭಂಡಾರವನ್ನು ದೇವರ ಗೂಡಿನಲ್ಲಿಟ್ಟಳು.

೧೪ ಏಪ್ರಿಲ್, ಬುಧವಾರ

ಚಾರ್ಜ್‌ಶೀಟ್ ಬಂತು. ನಾಲ್ಕು ಹಾಳೆ, ಇಂಗ್ಲಿಷಿನಲ್ಲಿ. ಕಾಶಪ್ಪ ಓದಿ ಹೇಳಿದ. ಸಹಿ ಇಲ್ಲದೆ ಲೈನು ಬಿಟ್ಟದ್ದು, ಆದೇಶ ತಪ್ಪು ತಿಳಿದದ್ದು. “ಅಂಜಬ್ಯಾಡ. ಭಾಳ ಅಂದ್ರ ಖಾಯಂ ಆಗೋದು ಒಂದೆರಡು ವರ್ಷ ಮುಂದ ಹೋದೀತು. ನೌಕರಿ ಉಳೀತೈತಿ.” ಸಾಹೇಬರಿಗೂ ಒಂದು ಬಂದಿದೆಯಂತೆ. ವಿಚಾರಣೆ ಮೇ ನಾಲ್ಕಕ್ಕೆ, ಬಾಗಲಕೋಟೆಯಲ್ಲಿ.

ನಾಲ್ಕು ಹಾಳೆಯಲ್ಲಿ ಎಲ್ಲಿಯೂ ಎರಡನೇ ಸಲದ ಮಾತಿಲ್ಲ. ಕಾಶಪ್ಪನಿಗೆ ಮೂರು ಸಲ ಓದಲು ಹೇಳಿದೆ.

೨೭ ಏಪ್ರಿಲ್, ಮಂಗಳವಾರ. ಮಧ್ಯಾಹ್ನ

ರೋಷನಬಿ ಬಸ್ಸಿಳಿದು ನೇರ ಸಬ್‌ಸ್ಟೇಷನ್ನಿಗೇ ಬಂದಳು. ಬಿಸಿಲಲ್ಲಿ ಮುಖ ಕೆಂಪಾಗಿತ್ತು. ಆದರೂ ನಗುತ್ತಿದ್ದಳು. ಸೆರಗಿನ ಗಂಟಿನಿಂದ ಒಂದು ಕಾಗದ ಬಿಚ್ಚಿ ಕೊಟ್ಟಳು.

“ಅಣ್ಣಾರ, ಡಿಸ್ಚಾರ್ಜ್ ಕಾಗದ ಬಂದೈತಿ. ದವಾಖಾನಿ ಬಾಗಿಲದಾಗ ಆಫೀಸಿನ ಸಿಪಾಯಿ ಕೊಟ್ಟು ಹೋದ. ಅಲ್ಲಿ ಕಂಪೌಂಡರ್ ಒಂದ ಶಬ್ದ ನೋಡಿ ಡಿಸ್ಚಾರ್ಜ್ ಅಂತ ಬರದಾರ ಅಂದ. ಯಾವತ್ತ ಬಿಡ್ತಾರ, ನೋಡಿ ಹೇಳ್ರಿ. ಮನಿ ಸಾರಿಸಬೇಕು.”

ಓದಿದೆ. ನನಗೆ ತಿಳಿಯುವಷ್ಟು ಇಂಗ್ಲಿಷ್ ಇತ್ತು. ಅದು ದವಾಖಾನೆಯ ಕಾಗದವಲ್ಲ, ಆಫೀಸಿನದು. ಲೈನ್‌ಮನ್ ಶಾಬುದ್ದೀನನಿಗೆ ಅಪಘಾತದಿಂದ ಬುದ್ಧಿಗೂ ಘಾಸಿಯಾಗಿದೆ; ಆಗದ್ದನ್ನು ಆಯಿತೆಂದು ಪದೇಪದೇ ಹೇಳುತ್ತಾನೆ; ಕುಳಿತು ಮಾಡುವ ಕೆಲಸಕ್ಕೂ ಯೋಗ್ಯನಲ್ಲ; ಸರ್ವಿಸಿನಿಂದ ಡಿಸ್ಚಾರ್ಜ್ ಮಾಡಲು ಉದ್ದೇಶಿಸಿದೆ. ವಿಚಾರಣೆಯ ದಿನ ಹಾಜರಾಗಿ ಹೇಳುವುದಿದ್ದರೆ ಹೇಳಬಹುದು.

ಅವಳು ನನ್ನ ಮುಖ ನೋಡುತ್ತ ನಿಂತಿದ್ದಳು.

ಹೇಳಬೇಕಾಯಿತು. ಒಂದೊಂದೇ ಮಾತು. ಮನೆಗೆ ಕಳಿಸುವುದಲ್ಲ ತಂಗಿ, ಕೆಲಸದಿಂದ ತೆಗೆಯುವುದು.

ಅಳಲಿಲ್ಲ. ಕಾಗದ ವಾಪಸ್ ತೆಗೆದುಕೊಂಡು ಮಡಿಕೆಯ ಗೆರೆಯಲ್ಲೇ ಮಡಚಿದಳು. “ಎರಡ ಸಲ ಬಂತು ಅಂತಾರಲ್ಲ, ಅದಕ್ಕೇನ್ರಿ?”

“ಹೂಂ.”

“ಇನ್ನ ಮ್ಯಾಲ ಹಂಗ ಅನಬ್ಯಾಡ್ರಿ ಅಂತ ನಾ ಹೇಳೇನಿ. ನೀವೂ ಒಂದ ಮಾತು ಹೇಳ್ರಿ ಅಣ್ಣಾರ. ಒಂದ ಸಲ ಅಂತ ಒಪ್ಕೋರಿ ಅಂತ. ನಿಮ್ಮ ಮಾತು ಕೇಳ್ತಾರ. ತಲಿ ಸರಿ ಐತಿ ಅಂತ ಬರದ ಕೊಟ್ರ ಸಾಕು, ನೀರು ಹಾಕೋ ಕೆಲಸಾನೂ ಮಾಡ್ತಾರ.”

ಬಸ್ಸಿಗೆ ಹತ್ತಿಸಿ ಬಂದೆ. ಲಾಗ್ ಬುಕ್ಕಿನಲ್ಲಿ ಎರಡು ಗಂಟೆಯ ರೀಡಿಂಗ್ ಬರೆಯುವುದು ಮರೆತುಹೋಯಿತು.

೩೦ ಏಪ್ರಿಲ್

ಎರಡು ದಾರಿ. ಶಾಬುವಿಗೆ ಒಂದು ಸಲ ಎಂದು ಒಪ್ಪಿಸಿದರೆ ಅವನ ಕೆಲಸ ಉಳಿಯುತ್ತದೆ. ನನ್ನದೂ. ಯಾರಿಗೂ ನಷ್ಟವಿಲ್ಲ.

ಅವನು ಮಾತ್ರ ಸಾಯುವವರೆಗೆ ತನ್ನ ತಲೆ ಕೆಟ್ಟಿತ್ತೆಂದು ತಿಳಿದುಕೊಂಡಿರಬೇಕು.

೩ ಮೇ, ಸೋಮವಾರ

ಹನಮವ್ವನಿಗೆ ಹೇಳಿದೆ. ಜೋಳ ಬೀಸುತ್ತಿದ್ದಳು. ಕಲ್ಲು ನಿಂತಿತು. “ಮತ್ತ ಯಾರಿಗೆ ಗೊತ್ತೈತಿ?” ಎಂದಳು. ಯಾರಿಗೂ ಇಲ್ಲ ಎಂದೆ. “ಶಾಬಣ್ಣಗ ಗೊತ್ತೈತೆಲ್ಲ,” ಎಂದು ಮತ್ತೆ ಬೀಸಲು ಹತ್ತಿದಳು.

ಜೈಲು ಆಗಬಹುದು. ಕಾಶಪ್ಪನನ್ನು ಸುಮ್ಮನೆ ಮಾತಿಗೆಂಬಂತೆ ಕೇಳಿದ್ದೆ. ಕಂಬದ ಮೇಲೆ ಮನುಷ್ಯ ಇದ್ದಾನೆಂದು ಗೊತ್ತಿದ್ದೂ ಕೊಟ್ಟರೆ ಪೊಲೀಸ್ ಕೇಸೇ ಬೇರೆ ಎಂದ. ಮಗಳಿಗೆ ಒಂಬತ್ತು ವರ್ಷ.

೪ ಮೇ, ಮಂಗಳವಾರ. ಸಂಜೆ

ಆಯಿತು. ಬರೆದುಬಿಡುತ್ತೇನೆ.

ದೊಡ್ಡ ಕೋಣೆ. ಮೇಲೆ ಫ್ಯಾನು. ವಿಚಾರಣೆಯ ಸಾಹೇಬರು ವಯಸ್ಸಾದವರು, ಮೆಲುದನಿ. ಟೈಪಿನವನು ಒಬ್ಬ. ಸೆಕ್ಷನ್ ಆಫೀಸರ್ ಸಾಹೇಬರು ಗೋಡೆಯ ಕಡೆ ಕೂತಿದ್ದರು. ಕಾಶಪ್ಪ ನನ್ನ ಪಕ್ಕ. ಬೆಳಗಿನಿಂದ ಹನ್ನೆರಡರವರೆಗೆ ಬರೀ ಆ ಶಬ್ದ. ಇಲ್ಲಿ ಅದರ ಅರ್ಥವೇನು, ಅಲ್ಲಿ ಏನು, ಪುಸ್ತಕದಲ್ಲಿ ಏನು. ಆರು ಮಂದಿ ಲೈನ್‌ಮನ್ ಬಂದು ಹೇಳಿದರು. ವಿಚಾರಣೆಯ ಸಾಹೇಬರು ತಲೆ ಆಡಿಸಿ ಬರೆದುಕೊಂಡರು. ಕಾಶಪ್ಪ ಮೇಜಿನ ಕೆಳಗೆ ನನ್ನ ತೊಡೆ ತಟ್ಟಿದ. ಗೆದ್ದೆವು ಎಂಬಂತೆ.

ಆಮೇಲೆ ಶಾಬುವನ್ನು ಕರೆದರು. ರೋಷನಬಿ ಬಾಗಿಲವರೆಗೆ ಹಿಡಿದುಕೊಂಡು ಬಂದಳು. ಅಂಗಿಯ ಬಲತೋಳನ್ನು ಮಡಚಿ ಪಿನ್ನು ಹಾಕಿದ್ದಳು.

“ಎಷ್ಟು ಸಲ ಬಂತು?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಕಣ್ಣಿನಲ್ಲೇ ಬೇಡಿಕೊಂಡಳು.

“ನನಗ ಎರಡ ಸಲ ಅನಸ್ತೈತ್ರಿ,” ಎಂದ. “ಎಲ್ಲಾರೂ ಒಂದ ಅಂತಾರ. ಅವರದ ಖರೆ ಇರಬೇಕು.”

ಟೈಪಿನವನು ನಿಲ್ಲಿಸಿದ. ವಿಚಾರಣೆಯ ಸಾಹೇಬರು ಸಣ್ಣ ಮಕ್ಕಳನ್ನು ಕೇಳುವ ಹಾಗೆ, “ಇವತ್ತು ಯಾವ ವಾರ?” ಎಂದರು. ಶಾಬು ಗಾಬರಿಯಾಗಿ ಬುಧವಾರ ಎಂದ. ಅವರು ಏನೋ ಬರೆದುಕೊಂಡರು.

ಎದ್ದು ನಿಂತೆ. ಕಾಶಪ್ಪ ಅಂಗಿ ಹಿಡಿದು ಜಗ್ಗಿದ.

“ಅವನ ತಲಿ ಸರಿ ಐತ್ರಿ. ಎರಡ ಸಲ ಕೊಟ್ಟೇನಿ. ಎರಡನೇದು ಯಾರೂ ಹೇಳಿರಲಿಲ್ಲ. ಲಾಗ್ ಬುಕ್ಕಿನ್ಯಾಗ ಸುಳ್ಳು ಬರದೇನಿ.”

ದನಿ ನನ್ನದಲ್ಲವೆನಿಸಿತು. ಕುರ್ಚಿಯ ಬೆನ್ನು ಹಿಡಿದುಕೊಂಡೆ. ಮತ್ತೊಮ್ಮೆ ಹೇಳು ಎಂದರು. ಮತ್ತೊಮ್ಮೆ ಹೇಳಿದೆ. ಟೈಪಿನ ಸದ್ದು ಶುರುವಾಯಿತು.

ಶಾಬು ನನ್ನ ಕಡೆ ತಿರುಗಿದ. ಬಾಯಿ ಸ್ವಲ್ಪ ತೆರೆದಿತ್ತು. ಎದ್ದು, ಯಾರ ಆಸರೆಯೂ ಇಲ್ಲದೆ ನಡೆದು ಹೊರಗೆ ಹೋದ. ರೋಷನಬಿ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಆ ನೋಟ ಬರೆಯಲಾರೆ.

ಹೊರಗೆ ಕಾಶಪ್ಪ ಬೈದ. “ಕೈಯಾಗಿನದು ಮಣ್ಣಪಾಲು ಮಾಡಿದಿ. ನನ್ನ ಮಾರಿ ಏನಾತು?” ಹೊರಟೇಹೋದ. ಸೆಕ್ಷನ್ ಆಫೀಸರ್ ಸಾಹೇಬರು ವರಾಂಡದ ಕೊನೆಯಲ್ಲಿ ಒಬ್ಬರೇ ನಿಂತಿದ್ದರು. ಹತ್ತಿರ ಹೋದಾಗ ಮೆಲ್ಲಗೆ ಕೇಳಿದರು.

“ಹುನಗುಂದಕ್ಕೆ ಬಾ ಅಂದಿದ್ದು ಒಂದಕ್ಷರಾನೂ ಕೇಳಿಸಲಿಲ್ವಾ?”

“ಇಲ್ರಿ.”

“ನಾನು ಇನ್ನೊಂದು ಸಲ ಫೋನ್ ಮಾಡಬೇಕಿತ್ತು,” ಎಂದರು. “ದಿನಾ ಅದೇ ಯೋಚನೆ.”

೧೧ ಮೇ

ಸಸ್ಪೆಂಡ್. ಆರ್ಡರ್ ಕೈಗೆ ಬಂತು. ಪೊಲೀಸರು ಒಮ್ಮೆ ಬಂದು ಹೇಳಿಕೆ ಬರೆದುಕೊಂಡು ಹೋದರು, ಕರೆದಾಗ ಬರಬೇಕೆಂದರು. ಬೀದಿಯಲ್ಲಿ ಜೀಪಿನ ಸದ್ದಾದರೆ ಹನಮವ್ವ ಮಗಳನ್ನು ಒಳಗೆ ಕರೆಯುತ್ತಾಳೆ.

ದುರ್ಗಪ್ಪ ಬಂದಿದ್ದ. ಒಂದು ಸುದ್ದಿ ತಂದ. “ಶಾಬುನ ತಲಿ ಸರಿ ಐತಿ ಅಂತ ಬರದಾರಲೇ. ಆ ಡಿಸ್ಚಾರ್ಜ್ ಕಾಗದ ವಾಪಸ್ ತಗೊಂಡಾರ. ಸ್ಟೋರ್‌ದಾಗ ಕೂಡ್ರೋ ಕೆಲಸ ಕೊಡ್ತಾರಂತ.”

“ನನ್ನ ಬಗ್ಗೆ ಏನಾರ ಅಂದನೇನು?”

ದುರ್ಗಪ್ಪ ತಲೆ ಅಲ್ಲಾಡಿಸಿದ. “ಒಂದ ಮಾತೂ ಇಲ್ಲ.”

೧೬ ಮೇ, ರವಿವಾರ. ಬೆಳಿಗ್ಗೆ ೧೧

ಕಿಟಕಿಯಿಂದ ಕಾಣುತ್ತಿದೆ. ಬಸ್ಸಿನಿಂದ ಇಬ್ಬರು ಇಳಿದರು. ಶಾಬು, ರೋಷನಬಿ. ನಮ್ಮ ಓಣಿಗೇ ತಿರುಗಿದ್ದಾರೆ. ಅವನು ನಿಧಾನಕ್ಕೆ ನಡೆಯುತ್ತಾನೆ, ಒಂದು ಕಡೆ ವಾಲಿಕೊಂಡು. ಇನ್ನೂ ಎಂಟು ಮನೆ ದಾಟಬೇಕು.

ಹನಮವ್ವ ನೋಡಿದಳು. ಕೈ ಒರೆಸಿಕೊಂಡು ಚಾಪೆ ಹಾಸುತ್ತಿದ್ದಾಳೆ. ಹಿತ್ತಲ ಬಾಗಿಲಿದೆ. ಹೋಗಬಹುದು. ಕಾಲು ಏಳುತ್ತಿಲ್ಲ.

ಬೈಯಲು ಬರುವವನು ಹೆಂಡತಿಯನ್ನು ಕರೆತರುವುದಿಲ್ಲ. ಅಥವಾ ಅವಳೇ ಕರೆತಂದಿರಬಹುದು.

ಅವನು ಏನು ಕೇಳುತ್ತಾನೆಂದು ಗೊತ್ತು. ಎರಡನೇ ಸಲ ಯಾಕೆ ಕೊಟ್ಟಿ. ವಿಚಾರಣೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಪೊಲೀಸರೂ ಕೇಳಲಿಲ್ಲ. ರೂಢಿ ಎಂದು ಹೇಳಬಹುದು. ಅಂಜಿಕೆ ಎಂದು ಹೇಳಬಹುದು. ಎರಡೂ ಖರೆ. ಆದರೆ ಅವನ ಮುಂದೆ ಕೂತು ಅಷ್ಟೇ ಹೇಳಿದರೆ ಅದೂ ಸುಳ್ಳೇ ಆಗುತ್ತದೆ. ಮೊದಲು ಇಲ್ಲಿ ಬರೆದು ನೋಡಬೇಕು. ಮೊದಲನೇ ಸಲ ಟ್ರಿಪ್ ಆದಾಗ, ಹ್ಯಾಂಡಲ್ ಮತ್ತೆ ಹಿಡಿಯುವ ಮೊದಲು, ಆ ಕಂಬದ ಮೇಲೆ ಅವನಿದ್ದಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ...